ಶೆಟ್ಟರ ಗೋಡೆಗೆ ಮೋಡ ಕವಿಸಿದ್ದು

ಡೊಂಬಿವಲಿ ಸ್ಟೇಷನ್ನಿನ ಪೂರ್ವಕ್ಕೆ ಮೆಟ್ಟಿಲಿಳಿದು, ತರಕಾರಿ ಗಾಡಿಗಳನ್ನು ದಾಟಿದರೆ ಸಿಗುತ್ತಿದ್ದ ಹೋಟೆಲು ಅದು. ಮಧ್ಯಾಹ್ನದ ಊಟದ ಗದ್ದಲ ಇಳಿದಿತ್ತು. ನಾವು ನಾಲ್ವರು ಒಂದು ಬೋಳು ಗೋಡೆಯನ್ನು ನೋಡುತ್ತ ನಿಂತಿದ್ದೆವು. ಮಾಲೀಕರಾದ ಸಂಜೀವ ಶೆಟ್ಟರು, ಅಡುಗೆಯ ವಾಸು ಭಟ್ಟರು, ಆ ಗೋಡೆಗೆ ಗಿಲಾವು ಮಾಡಿ ಮುಗಿಸಿದ್ದ ವಿಜಾಪುರ ಕಡೆಯ ಗೌಂಡಿ ಮಲ್ಲಪ್ಪ, ಮತ್ತೆ ಬಗಲಿಗೆ ಕುಂಚಗಳ ಚೀಲ ನೇತುಹಾಕಿಕೊಂಡ ನಾನು. ತೊಂಬತ್ತರ ದಶಕದ ಮೊದಲ ವರ್ಷಗಳ ಮಾತು.

"ಪೈಂಟರೇ, ಇದರಲ್ಲಿ ಎಂತ ಬಿಡಿಸ್ತೀರಿ ನನಗೆ ಗೊತ್ತಿಲ್ಲ," ಎಂದರು ಶೆಟ್ಟರು. "ಇಡ್ಲಿ ತಿನ್ನುವವನಿಗೆ ಕಣ್ಣು ತಂಪಾಗ್ಬೇಕು. ಅಷ್ಟೇ."

"ಒಂದು ಜಲಪಾತ ಬಿಡಿಸಿ," ಎಂದರು ಭಟ್ಟರು. "ಮೇಲಿಂದ ದಡದಡ ಬೀಳ್ತಾ ಇರ್ಬೇಕು." ಬೆಳಗಿನಿಂದ ಸಂಜೆಯವರೆಗೆ ಒಲೆಯ ಮುಂದೆ ನಿಲ್ಲುವ ಮನುಷ್ಯ ಇನ್ನೇನು ಕೇಳಿಯಾರು.

ಮಲ್ಲಪ್ಪನಿಗೆ ಅದು ಸರಿಬೀಳಲಿಲ್ಲ. "ಬ್ಯಾಡ್ರಿ ಶೆಟ್ರ. ನೀರು ತಗದ್ರ ಮಂದಿ ಗ್ವಾಡಿ ಸೋರಾಕತೈತಿ ಅಂತಾರ, ಹೆಸರು ನಂದು ಕೆಡತೈತಿ. ಒಂದು ಬಿಳಿಜ್ವಾಳದ ಹೊಲಾ ತಗಸ್ರಿ. ತೆನಿ ಇಷ್ಟಿಷ್ಟ ದಪ್ಪ ಇರಬೇಕು."

"ಹೋಟೆಲು ಅಕ್ಕಿಯದ್ದು, ಗೋಡೆ ಮೇಲೆ ಜೋಳವಾ?" ಎಂದು ಭಟ್ಟರು ಒಳಗೆ ಹೋದರು.

ನಾನು ರೇತಿಬಂದರಿನ ಖಾಡಿ ಬಿಡಿಸುತ್ತೇನೆ ಎಂದೆ. ಖಾಡಿ ಎಂದರೆ ಸಮುದ್ರದ ಹಿನ್ನೀರು. ಡೊಂಬಿವಲಿಯ ಪಶ್ಚಿಮಕ್ಕೆ, ಮನಸ್ಸು ಮಾಡಿದರೆ ನಡೆದೇ ಹೋಗಬಹುದಾದ ದೂರದಲ್ಲಿದೆ.

"ರೇತಿಬಂದರಾ? ಅಲ್ಲಿ ಎಂತ ಉಂಟು ಮಾರಾಯ್ರೆ? ಮರಳು ತೆಗೀತಾರೆ."

"ಬೆಳಗಾಗೋವಾಗ ಹೋಗಿ ನೋಡೀರೇನು?"

"ಬೆಳಗಾಗುವಾಗ ನಾನು ಎಲ್ಲಿರ್ತೇನೆ ಹೇಳಿ. ಗಲ್ಲಾದಲ್ಲಿ," ಎಂದು ಶೆಟ್ಟರು ನಕ್ಕರು. ಸ್ವಲ್ಪ ಹೊತ್ತು ಗೋಡೆ ನೋಡಿದರು. "ಆಯ್ತು, ಬಿಡಿಸಿ. ನಾನೂ ಒಮ್ಮೆ ನೋಡಿದ ಹಾಗಾಯ್ತು."

ಈ ಕೆಲಸಕ್ಕೆ ಇಳಿಯುವ ಹುಡುಗ ಹುಡುಗಿಯರು ನನ್ನನ್ನು ಈಗ ಕೇಳುವುದುಂಟು, ಸೀನರಿ ಬಿಡಿಸಲು ಯಾರ ಹತ್ತಿರ ಕಲಿತಿರಿ ಎಂದು. ಉಲ್ಹಾಸನಗರದ ಗಾವಡೆ ಮಾಸ್ತರರ ಬೋರ್ಡಿನ ಅಂಗಡಿಯಲ್ಲಿ ಕಲಿತೆ. ಮಾಸ್ತರರ ಕೈ ಬಹಳ ಚೊಕ್ಕಟ. ಸೀರೆ ಅಂಗಡಿಯ ಹೆಸರನ್ನು ಅವರು ಬರೆದರೆ ಅಕ್ಷರಗಳೇ ಇಸ್ತ್ರಿ ಮಾಡಿ ನಿಂತ ಹಾಗೆ ಕಾಣುತ್ತಿದ್ದವು. ಸೀನರಿಯ ವಿಷಯಕ್ಕೆ ಬಂದರೆ ಮಾತ್ರ ಅವರದು ಒಂದೇ ಪಾಠ. ಎರಡು ಗುಡ್ಡ, ನಡುವೆ ಸೂರ್ಯ, ಅಲ್ಲಿಂದ ಹಾವಿನಂತೆ ಹರಿದು ಬರುವ ನದಿ, ದಂಡೆಗೆ ಒಂದು ಗುಡಿಸಲು, ಗುಡಿಸಲಿಗೆ ಒರಗಿದ ಒಂದು ತೆಂಗಿನ ಮರ. ಫರ್ನಿಚರ್ ಅಂಗಡಿಗೂ ಅದೇ, ಲಾರಿಯ ಹಿಂಭಾಗಕ್ಕೂ ಅದೇ, ಹಲ್ಲಿನ ಡಾಕ್ಟರ ದವಾಖಾನೆಗೂ ಅದೇ. ಹಲ್ಲಿನ ಡಾಕ್ಟರಿಗೆ ಸೂರ್ಯನನ್ನು ಸ್ವಲ್ಪ ಬೆಳ್ಳಗೆ ಮಾಡುತ್ತಿದ್ದರು. ಈ ಗುಡ್ಡ ಎಲ್ಲಿಯದು ಎಂದು ನಾನೊಮ್ಮೆ ಕೇಳಿದ್ದಕ್ಕೆ, "ಕ್ಯಾಲೆಂಡರಿನದು. ಕೆಲಸ ಮಾಡು," ಅಂದಿದ್ದರು.

ನನಗೆ ಹೊರಗಿನ ಹುಚ್ಚು. ರಜೆ ಸಿಕ್ಕಿದರೆ ತೊಡೆಯ ಮೇಲೆ ಹಿಡಿಯುವಷ್ಟು ದೊಡ್ಡ ಪ್ಲೈವುಡ್ ಹಲಗೆ ಹಿಡಿದು ಲೋಕಲ್ ರೈಲು ಹತ್ತಿಬಿಡುತ್ತಿದ್ದೆ. ಮುಂಬ್ರಾದ ಗುಡ್ಡ, ಐರೋಲಿಯ ಉಪ್ಪಿನ ಗದ್ದೆ, ಕಲ್ಯಾಣದಾಚೆಯ ಮಲಂಗಗಡದ ಸಾಲು. ಬಯಲಲ್ಲಿ ಕುಳಿತು ಚಿತ್ರ ಬಿಡಿಸುವವರಿಗೆ ಬಿಸಿಲಿನ ಹೆದರಿಕೆ ಹೇಳುತ್ತಾರೆ, ಹಾವಿನ ಹೆದರಿಕೆ ಹೇಳುತ್ತಾರೆ. ಜನರ ವಿಷಯ ಯಾರೂ ಹೇಳುವುದಿಲ್ಲ. ಅದನ್ನು ನಾನು ಹೇಳಿಬಿಡುತ್ತೇನೆ.

ತುರ್ಭೆಯಲ್ಲಿ ಕಾರ್ಖಾನೆಗಳ ಹಿಂದೆ, ಗುಡ್ಡದ ಬುಡದ ಕೂಲಿಯವರ ವಸ್ತಿಯ ಎದುರು ಒಮ್ಮೆ ಕುಳಿತಿದ್ದೆ. ಚಿತ್ರಗಾರರು ಅಳತೆ ತೆಗೆಯುವ ರೀತಿ ನಿಮಗೆ ಗೊತ್ತು. ತೋಳು ನೀಡಿ, ಕುಂಚ ನೆಟ್ಟಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಹೆಬ್ಬೆರಳನ್ನು ಮೇಲೆ ಕೆಳಗೆ ಸರಿಸುವುದು. ನಳದ ಹತ್ತಿರ ಕೊಡ ತುಂಬುತ್ತಿದ್ದ ಹೆಂಗಸರು ಇದನ್ನು ನೋಡಿದರು. ನವಿ ಮುಂಬಯಿಯಲ್ಲಿ ಆಗ ದಿನಕ್ಕೊಂದು ರಸ್ತೆಯ ಸುದ್ದಿ. ಕಣ್ಣು ಮುಚ್ಚಿ ತೆರೆಯುವುದರೊಳಗೆ ನನ್ನ ಸುತ್ತ ಸಂತೆ ಸೇರಿತು. ಕಲಬುರಗಿ ಕಡೆಯ ಒಬ್ಬ ಮುದುಕರು ಮುಂದೆ ಬಂದು, ಒಂದು ಲೋಟ ಚಹಾ ನನ್ನ ಕೈಗಿತ್ತು, ಬಹಳ ನಯವಾಗಿ ಕೇಳಿದರು, "ಸಾಹೇಬ್ರೆ, ನಮ್ಮ ಮನಿ ರಸ್ತೆಗೆ ಎಷ್ಟು ಫೂಟ್ ಹೋಗ್ತದ್ರಿ?"

"ಮನಿ ಹೋಗೂದಿಲ್ಲ ಅಜ್ಜಾರೆ. ನಾ ಬರೇ ಗುಡ್ಡ ಬರಕೊಳ್ಳಾಕತ್ತೀನಿ."

"ಗುಡ್ಡಾನೂ ಒಯ್ತಾರೇನ್ರಿ?"

ಇದು ಚಿತ್ರ, ಮೋಜಣಿ ಅಲ್ಲ, ನಾನು ಸರ್ಕಾರದವನೂ ಅಲ್ಲ ಎಂದು ತಿಳಿಸಿ ಹೇಳುವುದರಲ್ಲಿ ಚಹಾ ಆರಿಹೋಯಿತು. ನಂಬಿದ ಮೇಲೆ ಇನ್ನೊಂದು ತೊಡಕು. ಒಬ್ಬ ಹೆಣ್ಣುಮಗಳು ಹಲಗೆಯೊಳಗೆ ಇಣುಕಿ, "ನಮ್ಮ ಮನಿ ಬಿಟ್ಟೀರಲ್ಲ. ನಾಳಿ ಯಾರರ ಬಂದು ಇಲ್ಲಿ ಇವರ ಮನೀನೇ ಇರಲಿಲ್ಲ ಅಂದ್ರ?" ಎಂದಳು. ಅವಳ ಮನೆ ಹಾಕಿದೆ. ಪಕ್ಕದವರು ಬಿಡುತ್ತಾರೆಯೇ. ಸಂಜೆಯ ಹೊತ್ತಿಗೆ ಹಲಗೆಯ ತುಂಬ ಪತ್ರಾಸಿನ ತಗಡು ಹೊದಿಸಿದ ಮನೆಗಳು, ಗುಡ್ಡಕ್ಕೆ ಉಳಿದದ್ದು ಮೇಲಿನ ಒಂದು ಬೆರಳಗಲ. ಅವತ್ತಿನಿಂದ, ಎಲ್ಲಿ ಕುಳಿತರೂ ಜನ ಸೇರುವ ಮೊದಲೇ ಆಕಾಶ ಮತ್ತು ಗುಡ್ಡ ಮುಗಿಸಿಕೊಳ್ಳುತ್ತೇನೆ. ನೀವೂ ಹಾಗೇ ಮಾಡಿ.

ಶೆಟ್ಟರ ಗೋಡೆ ಸಿಕ್ಕಾಗ ನಾನು ಗಾವಡೆ ಮಾಸ್ತರರ ಅಂಗಡಿ ಬಿಡುತ್ತೇನೆ ಎಂದೆ. ಅವರು ಬೈಯಲಿಲ್ಲ. ಕುಂಚ ಒರೆಸುತ್ತ ಹೇಳಿದರು, "ಆ ಗೋಡೆ ಉಳಿದರೆ ನೀನು ಚಿತ್ರಗಾರ. ಅಳಿಸಿಹಾಕಿದರೆ ಮಾರನೆಯ ದಿನ ಇಲ್ಲಿಗೆ ಬಂದು ಬೋರ್ಡು ಬರಿ. ಆಮೇಲೆ ಗುಡ್ಡ, ಖಾಡಿ ಅಂತ ನನ್ನ ಕಿವಿಗೆ ಬೀಳಬಾರದು." ನಾನು ತಲೆಯಾಡಿಸಿದೆ. ನನ್ನ ಕಣ್ಣಿಂದ ನೋಡಿದ್ದನ್ನು ಬಿಡಿಸಿಯೇ ಬದುಕಬಹುದೋ ಇಲ್ಲವೋ ಎನ್ನುವುದೆಲ್ಲ ಆ ಒಂದು ಗೋಡೆಯ ಮೇಲೆ ಬಂದು ಕುಳಿತಿತ್ತು.

ಎರಡು ಮೇಜು ಜೋಡಿಸಿ, ಮೇಲೊಂದು ಹಲಗೆ ಇಟ್ಟು, ಊಟ ಮುಗಿದು ಸಂಜೆಯ ಕಾಫಿ ಶುರುವಾಗುವ ನಡುವಿನ ಹೊತ್ತಿನಲ್ಲಿ ಕೆಲಸ ಮಾಡುತ್ತಿದ್ದೆ. ಬೆಳಗಿನ ಖಾಡಿ. ನೀರಿನ ಮೇಲೆ ಇನ್ನೂ ಬಿಡದ ತೆಳು ಮಂಜು. ಈಚೆ ದಡದಲ್ಲಿ ಉಪ್ಪುನೀರಿನಲ್ಲೇ ಬೇರೂರಿದ ಕಾಂಡ್ಲಾ ಗಿಡಗಳು, ಕಟ್ಟಿ ನಿಲ್ಲಿಸಿದ ಮರಳಿನ ದೋಣಿಗಳು. ಆಚೆ, ದೂರಕ್ಕೆ, ಮುಂಬ್ರಾದ ಗುಡ್ಡದ ನೆತ್ತಿಗೆ ಆಗಷ್ಟೇ ತಾಗಿದ ಬಿಸಿಲು. ಮಂಜಿನ ಬಣ್ಣಕ್ಕೆ ನಾನು ಒದ್ದಾಡುತ್ತಿದ್ದಾಗ ಭಟ್ಟರು ಇಡ್ಲಿ ಬೇಯುವ ಅಟ್ಟದ ಮುಚ್ಚಳ ತೆಗೆದರು. ಹಬೆ ಬಂದು ಗೋಡೆಯ ಮುಂದೆ ಹಬ್ಬಿತು. ಅಲ್ಲೇ ನೋಡಿ ಬಣ್ಣ ಕಲಸಿಕೊಂಡೆ. ಆ ಮಂಜಿಗೆ ಭಟ್ಟರು ಕೊನೆಯವರೆಗೂ "ನನ್ನ ಇಡ್ಲಿಯದ್ದು" ಎಂದೇ ಹೇಳುತ್ತಿದ್ದರು.

ಮುಗಿದ ದಿನ ಶೆಟ್ಟರು ಗಲ್ಲಾ ಬಿಟ್ಟು ಎದ್ದು ಬಂದು ನಿಂತರು. ನನಗೆ ಒಂದು ಮಸಾಲೆ ದೋಸೆ ಹೇಳಿದರು, ಎರಡು ಸಲ. ನಾನು ಹೊಟ್ಟೆ ತುಂಬ ತಿಂದು, ಹೆಮ್ಮೆಯಿಂದ ಮನೆಗೆ ಹೋದೆ.

ಆ ಹೋಟೆಲುಗಳ ಬೆಳಗಿನ ಪದ್ಧತಿಯನ್ನು ಕಾಣದವರಿಗೆ ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಆಫೀಸಿನ ಲೋಕಲುಗಳ ಹೊತ್ತು. ಒಂದು ಮೇಜಿಗೆ ಪರಿಚಯವಿಲ್ಲದ ನಾಲ್ವರು. ನೀವು ಇಡ್ಲಿ ಮುರಿಯುವಾಗಲೇ ನಿಮ್ಮ ಕುರ್ಚಿಯ ಬೆನ್ನು ಹಿಡಿದು ಇನ್ನೊಬ್ಬ ನಿಂತಿರುತ್ತಾನೆ. ಅವನು ಮಾತಾಡುವುದಿಲ್ಲ, ನಿಮ್ಮ ಕುತ್ತಿಗೆಯ ಮೇಲೆ ಉಸಿರು ಬಿಡುತ್ತಾನೆ. ಕೊನೆಯ ತುತ್ತನ್ನು ನೀವು ನಿಂತೇ ನುಂಗುತ್ತೀರಿ. ಇದಕ್ಕೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ, ನಾಳೆ ನೀವೂ ಇನ್ನೊಬ್ಬರ ಹಿಂದೆ ನಿಲ್ಲುವವರೇ. ಹೋಟೆಲು ನಡೆಯುವುದೇ ಹೀಗೆ ಒಬ್ಬ ಏಳುತ್ತ ಇನ್ನೊಬ್ಬ ಕೂರುವುದರಿಂದ.

ನನ್ನ ಖಾಡಿ ಇದನ್ನು ಕೆಡಿಸಿತು.

ವಾರದೊಳಗೆ ಶೆಟ್ಟರಿಂದ ಬುಲಾವ್ ಬಂತು. ಹೋದರೆ ಗಲ್ಲಾದ ಪಕ್ಕ ನಿಲ್ಲಿಸಿಕೊಂಡು, "ನೋಡಿ ಅಲ್ಲಿ," ಎಂದರು. ಗೋಡೆಗೆ ಮುಖ ಮಾಡಿ ಕುಳಿತವರೆಲ್ಲ ತಿಂದು ಮುಗಿಸಿ, ಕಪ್ಪನ್ನು ಬಸಿಯ ತಟ್ಟೆಯಲ್ಲಿ ಮಗುಚಿಟ್ಟು, ಹಾಗೇ ಕುಳಿತಿದ್ದರು. ಇನ್ನೂ ವಿಚಿತ್ರ, ಕುರ್ಚಿಯ ಹಿಂದೆ ನಿಂತವರೂ ಉಸಿರು ಬಿಡುವುದನ್ನು ಮರೆತು ಗುಡ್ಡ ನೋಡುತ್ತಿದ್ದರು. ಬಾಗಿಲಲ್ಲಿ ಜಾಗಕ್ಕಾಗಿ ಕಾದವರು ಬೇಸತ್ತು ಎದುರಿನ ವಡಾಪಾವ್ ಗಾಡಿಗೆ ಹೋಗುತ್ತಿದ್ದರು. ರಿಟೈರಾದ ಗುಮಾಸ್ತರು ಜೋಶಿ ಕಾಕಾ ಅಂತ, ಅರ್ಧ ಚಹಾದ ಗಿರಾಕಿ. ಅವರಂತೂ ಚಪ್ಪಲಿ ಕಳಚಿ ಕಾಲು ಮೇಲಿಟ್ಟುಕೊಂಡಿದ್ದರು.

"ಕಾಕಾ, ಇನ್ನೊಂದು ಚಹಾ ಹೇಳ್ಲಾ?" ಎಂದು ಶೆಟ್ಟರು ಮರಾಠಿಯಲ್ಲಿ ಕೇಳಿದರು.

"ಬೇಡ ಶೆಟ್ಟಿ. ಸುಮ್ಮನೆ ದಡದಲ್ಲಿ ಕೂತ ಹಾಗಿದೆ," ಎಂದರು ಕಾಕಾ.

ಶೆಟ್ಟರು ನನ್ನ ಕಡೆ ತಿರುಗಿದರು. "ಕೇಳಿದ್ರಾ? ದಡದಲ್ಲಿ ಕೂತಿದ್ದಾರಂತೆ. ನಾನು ನಿಮ್ಮಲ್ಲಿ ಕಣ್ಣು ತಂಪು ಮಾಡಿ ಅಂದೆ, ನೀವು ಕಾಲನ್ನೂ ತಂಪು ಮಾಡಿಟ್ರಿ. ಬೆಳಗಿನ ಈ ಹೊತ್ತು ಹೋದ್ರೆ ನನಗೆ ಹೋಟೆಲೇ ಇಲ್ಲ ಪೈಂಟರೇ. ಬೇಜಾರು ಮಾಡ್ಬೇಡಿ. ಭಾನುವಾರ ಮಲ್ಲಪ್ಪ ಸುಣ್ಣ ತರ್ತಾನೆ."

ಕುರ್ಚಿಗಳನ್ನು ತಿರುಗಿಸಿ ನೋಡೋಣ ಎಂದೆ. ಗೋಡೆಗೆ ಬೆನ್ನು ಮಾಡಿ ಕೂರಿಸಿದೆವು. ಜನ ಕುತ್ತಿಗೆ ತಿರುಗಿಸಿ ನೋಡತೊಡಗಿದರು. ಇಬ್ಬರ ಬಿಳಿ ಅಂಗಿಗೆ ಸಾಂಬಾರು ಬಿತ್ತು. ಆಫೀಸಿಗೆ ಹೋಗುವವರ ಅಂಗಿ, ಅದರ ಮಾತು ಕೇಳುವುದು ಬೇಡ. ಕುರ್ಚಿಗಳು ಮರುದಿನವೇ ಮೊದಲಿನ ಹಾಗಾದವು. "ಚಿತ್ರ ಚೆಂದ ಆದದ್ದೇ ನಿಮ್ಮ ತಪ್ಪು," ಎಂದರು ಭಟ್ಟರು. ಸಮಾಧಾನ ಹೇಳಿದರೋ ಬೈದರೋ, ಇವತ್ತಿಗೂ ನನಗೆ ಗೊತ್ತಾಗಿಲ್ಲ.

ತಲೆ ಕೆಟ್ಟು ಮರುಸಂಜೆ ರೇತಿಬಂದರಿಗೆ ಹೋಗಿ ಕುಳಿತೆ. ಮೇ ತಿಂಗಳ ಕೊನೆ, ಸೆಕೆಯೆಂದರೆ ಸೆಕೆ. ಖಾಡಿ ಗೋಡೆಯ ಮೇಲಿದ್ದ ಹಾಗೇ ಇತ್ತು, ನನ್ನನ್ನು ಅಣಕಿಸುವಂತೆ. ಸ್ವಲ್ಪ ಹೊತ್ತಿಗೆ ಮುಂಬ್ರಾದ ಗುಡ್ಡದ ಹಿಂದಿನಿಂದ ಶಾಯಿ ಚೆಲ್ಲಿದ ಹಾಗೆ ಒಂದು ಮೋಡ ಎದ್ದಿತು. ಕಾಂಡ್ಲಾದ ಎಲೆಗಳು ಗಾಳಿಗೆ ಮಗುಚಿ ಬೆಳ್ಳಗಾದವು. ಬೆಳ್ಳಕ್ಕಿಗಳು ಒಂದೇ ದಿಕ್ಕಿಗೆ ಹಾರಿದವು. ಒಣಹಾಕಿದ ಮೀನನ್ನು ಹೆಂಗಸರು ಚಾಪೆಸಮೇತ ಎತ್ತಿಕೊಂಡು ಓಡಿದರು. ಮೋಡದ ಕೆಳಗೆ ನೀರು ಮಾತ್ರ ಇನ್ನೂ ಬೆಳಗುತ್ತಿತ್ತು, ಆಕಾಶಕ್ಕಿಂತ ಹೆಚ್ಚಿಗೆ. ನೋಡುತ್ತ ನೋಡುತ್ತ ನನಗೊಂದು ಎಚ್ಚರವಾಯಿತು. ನಾನು ಕುಳಿತಿರಲಿಲ್ಲ. ಯಾವಾಗಲೋ ಎದ್ದು, ಹಲಗೆ ಬಗಲಿಗಿರಿಸಿ, ಚಪ್ಪಲಿ ಮೆಟ್ಟಿ, ಸ್ಟೇಷನ್ನಿನ ಕಡೆ ಅರ್ಧ ದಾರಿ ನಡೆದುಬಿಟ್ಟಿದ್ದೆ. ಒಂದು ಹನಿಯೂ ಬಿದ್ದಿರಲಿಲ್ಲ.

ಸೀದಾ ಹೋಟೆಲಿಗೆ ಹೋದೆ. "ಶೆಟ್ರೆ, ಸುಣ್ಣಕ್ಕೆ ಮೊದಲು ಒಂದು ಮಧ್ಯಾಹ್ನ ನನಗೆ ಕೊಡಿ. ಗುಡ್ಡದ ಹಿಂದೆ ಮೋಡ ಹಾಕ್ತೀನಿ."

"ಮೋಡ ಹಾಕಿದ್ರೆ?"

"ಇಲ್ಲಿಯವರು ಮಳೆಗಿಂತ ಹೆಚ್ಚು ಮಳೆಯಲ್ಲಿ ಲೋಕಲ್ ನಿಲ್ಲೂದಕ್ಕ ಹೆದರ್ತಾರ."

ಶೆಟ್ಟರು ನನ್ನನ್ನೇ ನೋಡಿದರು. ಅವರೂ ಇಲ್ಲಿಯವರೇ ಆಗಿ ಎಷ್ಟೋ ವರ್ಷವಾಗಿತ್ತು. "ಹಾಕಿ," ಎಂದರು.

ಶನಿವಾರ ಹಾಕಿದೆ. ಭಾನುವಾರ ಮಲ್ಲಪ್ಪ ಸುಣ್ಣದ ಬಕೆಟ್ಟಿನೊಂದಿಗೆ ಹಾಜರಾದ. "ಮೂಲೆಯಲ್ಲಿಡು. ಸೋಮವಾರ ಬೆಳಿಗ್ಗೆ ನೋಡಿ ಹೇಳ್ತೇನೆ," ಎಂದರು ಶೆಟ್ಟರು. ಹಾಗಾಗಿ ಸೋಮವಾರ ಬೆಳಿಗ್ಗೆ ಆ ಬಕೆಟ್ಟು ಒಂದು ಮೂಲೆಯಲ್ಲಿ, ನಾನು ಇನ್ನೊಂದು ಮೂಲೆಯಲ್ಲಿ.

ಮೊದಲ ಗುಂಪು ಬಂದು ಕುಳಿತಿತು. ಒಬ್ಬರು ಇಡ್ಲಿ ಮುರಿದರು, ತಲೆ ಎತ್ತಿದರು, ಗೋಡೆ ನೋಡಿದರು. ಗಡಿಯಾರ ನೋಡಿದರು. ಬಾಗಿಲ ಕಡೆ ನೋಡಿದರು. ಉಳಿದ ಇಡ್ಲಿ ಎರಡೇ ತುತ್ತಿಗೆ ಹೋಯಿತು. ಪಕ್ಕದವರು ಕಾಫಿಯನ್ನು ಬಸಿಗೆ ಸುರಿದು ಊದಿ ಕುಡಿದರು. ಹೊರಗೆ ಬಿಸಿಲು ಚುರುಗುಟ್ಟುತ್ತಿತ್ತು. ಆದರೂ ಒಬ್ಬರು ಎದ್ದವರೇ, "ಪಾನಿ ಶುರೂ ಹೋ ಗಯಾ ಕ್ಯಾ?" ಎಂದು ಸಪ್ಲೈಯರನ್ನು ಕೇಳಿದರು, ಮಳೆ ಬಂತಾ ಅಂತ. ಜೋಶಿ ಕಾಕಾ ಚಪ್ಪಲಿ ಕಳಚಲೇ ಇಲ್ಲ. ಛತ್ರಿ ತಂದಿಲ್ಲ, ಹೊರಡುತ್ತೇನೆ ಎಂದು ಅರ್ಧ ಚಹಾವನ್ನೂ ಅರ್ಧ ಬಿಟ್ಟು ನಡೆದರು. ಶೆಟ್ಟರು ಗಲ್ಲಾದಿಂದ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು.

ಅಷ್ಟಕ್ಕೇ ನಿಂತಿದ್ದರೆ ಚೆನ್ನಿತ್ತು. ಸಂಜೆ ಸಂಸಾರವಂದಿಗರು ಬರುವ ಹೊತ್ತು. ಮಕ್ಕಳಿಗೆ ಐಸ್‌ಕ್ರೀಮು, ದೊಡ್ಡವರಿಗೆ ಇನ್ನೊಂದು ಪ್ಲೇಟು ಬಜ್ಜಿ, ಹೀಗೆ ಕುಳಿತಷ್ಟೂ ಹೋಟೆಲಿಗೆ ಒಳ್ಳೆಯದು. ಅವರೂ ಗೋಡೆ ನೋಡಿದರು. "ಮನೆಯಲ್ಲಿ ಬಟ್ಟೆ ಒಣಹಾಕಿದ್ದೀನಿ" ಎನ್ನುತ್ತ ಒಬ್ಬ ತಾಯಿ ಮಗುವಿನ ಕೈಯಲ್ಲಿ ಐಸ್‌ಕ್ರೀಮು ಕರಗುತ್ತಿರುವಾಗಲೇ ಎಳೆದುಕೊಂಡು ಹೋದಳು. ಶೆಟ್ಟರ ಕಣ್ಣು ನಿಧಾನವಾಗಿ ಸುಣ್ಣದ ಬಕೆಟ್ಟಿನ ಕಡೆ ಹೊರಳಿತು.

"ಪೈಂಟರೇ, ಬೆಳಿಗ್ಗೆ ಮೋಡ ಬೇಕು, ಸಂಜೆ ಬೇಡ. ಎಂತ ಮಾಡುವುದು?"

ಅಡುಗೆಮನೆ ಬಾಗಿಲಲ್ಲಿ ನಿಂತ ಭಟ್ಟರು, "ನಮ್ಮ ಮೆನು ಬೋರ್ಡಿನ ಹಾಗೆ ಮಾಡಿ. ಬೆಳಿಗ್ಗೆ ಒಂದು ತೂಗಿಸುವುದು, ಸಂಜೆ ಒಂದು," ಎಂದರು, ತಮಾಷೆಗೆ. ನಾನೂ ಶೆಟ್ಟರೂ ಮುಖ ಮುಖ ನೋಡಿಕೊಂಡೆವು.

ಗೋಡೆಯ ಮೇಲಿನ ಮೋಡ ಅಳಿಸಿ ಮೊದಲಿನ ತಿಳಿ ಆಕಾಶ ಬಿಡಿಸಿದೆ. ತೆಳು ಪ್ಲೈವುಡ್ಡಿನ ಮೇಲೆ ಬೇರೆಯಾಗಿ ಮೋಡ. ಅದರ ಕೆಳ ಅಂಚನ್ನು ಗುಡ್ಡದ ನೆತ್ತಿಯ ಗೆರೆಗೆ ಸರಿಯಾಗಿ ಕೊಯ್ಯಿಸಿದೆ, ಕೂಡಿದ ಜಾಗ ಕಾಣದ ಹಾಗೆ. ಕೆಳಗಿನ ನೀರು ಮುಟ್ಟಬೇಕಾಗಲಿಲ್ಲ, ಮೋಡದ ಕೆಳಗೂ ನೀರು ಬೆಳಗುವುದನ್ನು ಕಣ್ಣಾರೆ ನೋಡಿದ್ದೆನಲ್ಲ. ಬಯಲಿಗೆ ಹೋಗಿ ಬಂದ ಲಾಭ ಇದು. ಮಲ್ಲಪ್ಪ ಗೋಡೆಗೆ ಕೊಕ್ಕೆ ಜಡಿದ. "ಮನಿ ಕಟ್ಟೀನಿ, ಬಾವಿ ಕಟ್ಟೀನಿ. ಮ್ವಾಡಕ್ಕ ಮಳಿ ಹೊಡದದ್ದು ಇದ ಮೊದಲರಿ," ಎಂದ, ಕೈಯಲ್ಲಿದ್ದ ಮೊಳೆ ತೋರಿಸುತ್ತ. ತಂದ ಸುಣ್ಣವನ್ನು ಕೈತೊಳೆಯುವ ಜಾಗಕ್ಕೆ ಬಳಿದು ಹೋದ.

ಅಲ್ಲಿಂದ ಮುಂದೆ ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಶೆಟ್ಟರು, "ಭಟ್ರೆ, ಮೋಡ ಹಾಕಿ," ಎನ್ನುವರು. ಆಫೀಸಿನ ಗದ್ದಲ ಇಳಿದ ಮೇಲೆ, "ಭಟ್ರೆ, ಮೋಡ ತೆಗೀರಿ." ಉಪ್ಪು, ಸಕ್ಕರೆಯ ಹಾಗೆ ಅದೂ ಅಡುಗೆಮನೆಯ ಮಾತಾಗಿಹೋಯಿತು. ಮೋಡ ಹಾಕುವಾಗ ಭಟ್ಟರ ಹಣೆಯಲ್ಲಿ ಒಂದು ಗಾಂಭೀರ್ಯ ಬರುತ್ತಿತ್ತು. ಹಗಲಿನಲ್ಲಿ ಅದನ್ನು ಅಡುಗೆಮನೆಯ ಬಾಗಿಲ ಹಿಂದೆ, ತೆಂಗಿನಕಾಯಿ ಚೀಲಕ್ಕೆ ಒರಗಿಸಿಡುತ್ತಿದ್ದರು.

ಸುದ್ದಿ ಹೋಟೆಲಿನವರಿಂದ ಹೋಟೆಲಿನವರಿಗೆ ಹೋಯಿತು. ಠಾಣೆ ಊರಿನಿಂದ ಕರೆ ಬಂತು, ಐರೋಲಿಯಿಂದ ಬಂತು. "ನಮಗೂ ಒಂದು ಮೋಡ ಬೇಕಿತ್ತು," ಎನ್ನುವರು, ದರ್ಜಿಯ ಹತ್ತಿರ ಅಂಗಿ ಕೇಳುವ ಹಾಗೆ. ಪ್ರತಿ ಸಲವೂ ಆಯಾ ಊರಿನ ಗುಡ್ಡ ನೋಡಿ ಬಂದೇ ಬಿಡಿಸಿದೆ. ಠಾಣೆಯ ಮೋಡ ಕಲ್ಯಾಣದ ಗುಡ್ಡಕ್ಕೆ ಕೂರುವುದಿಲ್ಲ. ಕಲ್ಯಾಣದ ಒಬ್ಬರು ಮಿಂಚನ್ನೂ ಹಾಕಿ ಎಂದು ಬಹಳ ಒತ್ತಾಯ ಮಾಡಿದರು. ನಾನು ಒಪ್ಪಲಿಲ್ಲ. ತಿನ್ನುವವರ ಗಂಟಲಿಗೆ ವಡೆ ಸಿಕ್ಕಿಕೊಂಡರೆ ಯಾರು ಹೊಣೆ.

ಗಾವಡೆ ಮಾಸ್ತರರು ಒಂದು ಬೆಳಿಗ್ಗೆ ಹೇಳದೆ ಕೇಳದೆ ಶೆಟ್ಟರ ಹೋಟೆಲಿಗೆ ಬಂದರು. ನಾನು ಗಲ್ಲಾದ ಪಕ್ಕ ಇದ್ದೆ, ನನ್ನನ್ನು ನೋಡಿಯೂ ನೋಡದ ಹಾಗೆ ಹೋಗಿ ಗೋಡೆಗೆ ಎದುರಾಗಿ ಕುಳಿತರು. ಒಂದು ಪ್ಲೇಟು ಇಡ್ಲಿ ಹೇಳಿದರು. ತಲೆ ಎತ್ತಿ ನೋಡಿದರು. ಬೇಗ ಬೇಗ ತಿಂದರು. ಎದ್ದು, ಬಾಗಿಲ ತನಕ ಹೋಗಿ, ಅಲ್ಲಿ ಬಿಸಿಲು ಕಂಡು ನಿಂತರು. ಆಮೇಲೆ ನನ್ನ ಹತ್ತಿರ ಬಂದರು.

"ಆ ಗುಡ್ಡ ಎಲ್ಲಿಯದು?"

"ಮುಂಬ್ರಾದ್ದು ಮಾಸ್ತರ್. ರೇತಿಬಂದರಿನಿಂದ ಕಾಣತದ."

"ದಿನಾ ಆ ಗುಡ್ಡದ ಬುಡದಲ್ಲೇ ರೈಲಿನಲ್ಲಿ ಹೋಗಿದ್ದೇನೆ," ಎಂದರು. ಬಿಲ್ಲಿಗೆ ಚಿಲ್ಲರೆ ಎಣಿಸುತ್ತ, "ಭಾನುವಾರ ಹೋಗುವಾಗ ನನಗೊಂದು ಮಾತು ಹೇಳು," ಎಂದರು. ಹೇಳಿದೆ. ಅವರು ಮಡಚುವ ಕುರ್ಚಿ, ಟಿಫಿನ್ನು, ಕೊಡೆ ಎಲ್ಲ ಹೊತ್ತುಕೊಂಡು ಬಂದರು. ಬಿಡಿಸಲಿಲ್ಲ, ಬರೀ ನೋಡಿದರು. ಹೊರಡುವಾಗ, ದಡದಲ್ಲಿ ಒಂದು ತೆಂಗಿನ ಮರ ಇದ್ದಿದ್ದರೆ ಚೆನ್ನಾಗಿತ್ತು ಎಂದರು.

ದಶಕ ಮುಗಿಯುತ್ತ ಬಂದ ಹಾಗೆ ಕಂಪ್ಯೂಟರಿನಲ್ಲಿ ಅಚ್ಚು ಹಾಕಿದ ದೊಡ್ಡ ದೊಡ್ಡ ಹಾಳೆಗಳು ಬಂದವು. ಒಂದು ಸಂಜೆಯೊಳಗೆ ಗೋಡೆಗೆ ಹಿಮದ ಬೆಟ್ಟ ಅಂಟಿಸಿ ಹೋಗುತ್ತಿದ್ದರು. ನಾನು ಅವರನ್ನು ಹಳಿಯುವವನಲ್ಲ, ಬಣ್ಣದ ವಾಸನೆಯಿಲ್ಲ, ಮೇಜು ಜೋಡಿಸುವ ರಗಳೆಯಿಲ್ಲ. ಯಾವ ಹಾಳೆ ಅಂಟಿಸಿದರೂ ಒಂದು ಕೆಲಸ ಮಾಡಿ. ಅದರೆದುರು ಕುಳಿತು ಒಂದು ಪ್ಲೇಟು ತಿಂಡಿ ತಿನ್ನಿ. ನಿಮಗೆ ಏಳಬೇಕು ಅನಿಸುತ್ತದೋ, ಕೂರಬೇಕು ಅನಿಸುತ್ತದೋ ನೋಡಿಕೊಳ್ಳಿ. ಮಾಲೀಕರನ್ನು ಆಮೇಲೆ ಕೇಳಿ.

ಮೋಡಕ್ಕೆ ಕೊಕ್ಕೆ ಜಡಿದು ಒಂದು ವರ್ಷವಾಗಿರಬೇಕು, ಮಳೆಗಾಲ. ಠಾಣೆಯ ಒಂದು ಗೋಡೆಯ ಕೆಲಸಕ್ಕೆ ಹೊರಟಿದ್ದೆ. ಡೊಂಬಿವಲಿ ತಲುಪುವ ಹೊತ್ತಿಗೆ ಮುಂದೆ ಹಳಿಯ ಮೇಲೆ ನೀರು ಬಂದು ಲೋಕಲ್ ನಿಂತಿತು. ಎಲ್ಲರ ಜೊತೆ ಇಳಿದು, ತೊಯ್ದು ತೊಪ್ಪೆಯಾಗಿ ಶೆಟ್ಟರ ಹೋಟೆಲು ಸೇರಿದೆ. ಒಳಗೆ ಕಾಲಿಡಲು ಜಾಗವಿಲ್ಲ. ಟಿಫಿನ್ ಚೀಲ ಎದೆಗವಚಿಕೊಂಡ ಹೆಂಗಸರು, ಒದ್ದೆ ಛತ್ರಿಗಳು, ಕಲಬುರಗಿ ಕಡೆಯ ಹಮಾಲರ ಒಂದು ತಂಡ, ಜೋಶಿ ಕಾಕಾ. ಗೋಡೆಯ ಮೇಲೆ ಬೆಳಗಿನ ಮೋಡ ತೂಗುತ್ತಿತ್ತು. ಕುಳಿತವರು ಅದನ್ನೊಮ್ಮೆ ನೋಡುವರು, ಹೊರಗಿನ ಮಳೆಯನ್ನೊಮ್ಮೆ ನೋಡುವರು, ಏಳುವರು, ಹೋಗಲು ಎಲ್ಲಿಯೂ ಇಲ್ಲವೆಂದು ಮತ್ತೆ ಕೂರುವರು. ಒಬ್ಬ ಹುಡುಗಿ ಅಳುವ ಹಾಗಿದ್ದಳು.

ಶೆಟ್ಟರು ಗಲ್ಲಾದಿಂದ ಇದನ್ನು ನೋಡಿದರು. ಆಫೀಸಿನ ಹೊತ್ತು, ಬಾಗಿಲಲ್ಲಿ ಇನ್ನೂ ಜನ. ಅವರು ಅಡುಗೆಮನೆಯ ಕಡೆ ಮುಖ ಮಾಡಿ, "ಭಟ್ರೆ, ಮೋಡ ತೆಗೀರಿ," ಎಂದರು.

ಭಟ್ಟರು ಕೈ ಒರೆಸುತ್ತ ಬಂದು ಸ್ಟೂಲು ಹತ್ತಿದರು. ಕೊಕ್ಕೆ ಬಿಡಿಸಿ, ಮೋಡವನ್ನು ಜನರ ತಲೆಯ ಮೇಲಿನಿಂದ ಕೈಯಿಂದ ಕೈಗೆ ದಾಟಿಸಿದರು. ನಾನು ತೆಗೆದುಕೊಂಡು ಬಾಗಿಲ ಹಿಂದಿಟ್ಟೆ. ಹಿಂದಿರುಗಿ ನೋಡಿದಾಗ ಕುಳಿತವರು ಸರಿದು ನಿಂತವರಿಗೆ ಜಾಗ ಮಾಡುತ್ತಿದ್ದರು. ಹುಡುಗಿ ಚೀಲ ಕೆಳಗಿಟ್ಟು ಗೋಡೆಗೆ ಎದುರಾಗಿ ಕುಳಿತಳು. ಜೋಶಿ ಕಾಕಾ ಚಪ್ಪಲಿ ಕಳಚಿ ಕಾಲು ಮೇಲಿಟ್ಟುಕೊಂಡರು. ಭಟ್ಟರು ಇನ್ನೊಂದು ಅಟ್ಟ ಇಡ್ಲಿ ಒಲೆಯ ಮೇಲಿಟ್ಟರು. ಸಂಜೆ ಲೋಕಲ್ ಹೊರಡುವವರೆಗೆ ಯಾರನ್ನೂ ಶೆಟ್ಟರು ಏಳಿಸಲಿಲ್ಲ.